ಪುಡಿಯೊಳಗಿನ ನೀರು

ತಂತಿಗೆ ಹೊದಿಸುವ ಪ್ಲಾಸ್ಟಿಕ್ ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಬೆಂಕಿಯಕ್ಕ. ಮಾದರಿ ಹಾಳೆಯಿಂದ ಪಟ್ಟಿ ಕತ್ತರಿಸಿ, ಉರಿ ತಾಗಿಸಿ, ತಾನಾಗಿ ಆರುತ್ತದೆಯೇ ಎಂದು ನೋಡುವುದು ಹದಿನಾರು ವರ್ಷಗಳಿಂದ ಅವಳ ಕೆಲಸ. ಇಂದಿನ ಮಾಲು ಮಕ್ಕಳ ಆಸ್ಪತ್ರೆಯ ತಂತಿಗಳಿಗೆ. ಲಾರಿ ಗೇಟಿನಲ್ಲಿತ್ತು. ಅವಳ ಸಹಿಯೊಂದೇ ಬಾಕಿ.

ಬೆಳಗಿನ ಮಾಲಿನಿಂದ ತೆಗೆದ ಮೊದಲ ಹಾಳೆಯ ಐದೂ ಪಟ್ಟಿ ಪರೀಕ್ಷೆ ಗೆದ್ದಿದ್ದವು. ಮೊದಲ ಹಾಳೆಯನ್ನಷ್ಟೇ ಸುಡುವುದು ಅಲ್ಲಿನ ರೂಢಿ. ಎತ್ತಿಡುವಾಗ ದಿನದ ಕೊನೆಯ ಹಾಳೆ ಅವಳ ಕೈಯಲ್ಲಿ ಚಟಕ್ಕೆಂದು ಸೀಳಿತು. ಸೀಳಿನ ತುಂಬ ಸೂಜಿಮೊನೆಯಂಥ ತೂತು.

ಪ್ಲಾಸ್ಟಿಕ್ಕಿಗೆ ಬೆರೆಸುವ ಬಿಳಿ ಪುಡಿ ಒಳಗೆ ನೀರು ಹಿಡಿದಿಟ್ಟಿರುತ್ತದೆ. ಬೆಂಕಿ ಬಿದ್ದಾಗ ಅದನ್ನು ಬಿಟ್ಟು ತಣಿಸುತ್ತದೆ. ಮಿಕ್ಸರನ್ನೇ ಮಿತಿಮೀರಿ ಕಾಯಿಸಿದರೆ ಆ ನೀರು ಅಲ್ಲೇ ಆವಿ. ಉಳಿಯುವುದು ಗುಳ್ಳೆ.

ಮಿಕ್ಸರ್ ನಡೆಸುವವಳು ಅವಳ ನಾದಿನಿ. ಅವರಿವರ ಕೈಕಾಲು ಹಿಡಿದು ಆ ಕೆಲಸ ಕೊಡಿಸಿದವಳು ಇವಳೇ. ಬೆಂಕಿಯಕ್ಕ ಅವಳನ್ನು ಪರೀಕ್ಷೆಯ ಕೋಣೆಗೆ ಕರೆದಳು.

"ಶಾಖ ಏರಿಸಿದ್ಯಾ?"

ನಾದಿನಿ ಕೈಗವಸು ಹಿಂಡಿದಳು. "ಊಟ ಆದ್ಮೇಲೆ ಒಂಚೂರು. ಬೇಗ ಕರಗ್ಲಿ ಅಂತ. ಪುಟ್ಟಿ ಶಾಲೇಲಿ ಒಬ್ಳೇ ಕಾಯ್ತಾ ಕೂತಿರ್ತಾಳೆ, ಅತ್ತಿಗೆ. ಮೊದಲ್ನೇದು ಪಾಸಾಯ್ತಲ್ಲ, ದಮ್ಮಯ್ಯ, ಸಹಿ ಹಾಕ್ಬಿಡಿ. ಕೆಲಸ ಹೋಗುತ್ತೆ."

ಮೇಲ್ವಿಚಾರಕ ಬಾಗಿಲಲ್ಲಿ ಇಣುಕಿದ. "ಏನಕ್ಕಾ, ಪಟ್ಟಿ ಸುಡ್ತೀಯೋ ಹೋಳಿಗೆ ಬೇಯಿಸ್ತೀಯೋ? ಡ್ರೈವರ್ ಬೈದೂ ಬೈದೂ ಗಂಟಲು ಒಣಗಿಸ್ಕೊಂಡ."

"ಐದು ನಿಮಿಷ."

ಸಂಜೆ ಇಬ್ಬರಿಗೂ ಒಂದೇ ಅಡುಗೆಮನೆ. ಅತ್ತೆಯ ಮುಖ, ಗಂಡನ ಮೌನ. ಎಲ್ಲವೂ ಕಣ್ಮುಂದೆ ಬಂದುಹೋದವು. ಅವಳು ಕೊನೆಯ ಹಾಳೆಯಿಂದ ಪಟ್ಟಿ ಕತ್ತರಿಸಿ ತೂಗುಹಾಕಿದಳು. ಕೆಳಗೆ ಹತ್ತಿ ಹರಡಿ, ಉರಿ ತಾಗಿಸಿ, ಹಿಂದಕ್ಕೆಳೆದಳು.

ಒಂದು. ಎರಡು. ಹತ್ತರೊಳಗೆ ಆರಬೇಕು, ಕೆಳಗಿನ ಹತ್ತಿಗೆ ಕಿಡಿ ತಗುಲಬಾರದು. ಆರು. ಏಳು. ಉರಿ ಮೇಲೇರುತ್ತಲೇ ಇತ್ತು. ಕರಗಿದ ಹನಿಯೊಂದು ಬಿತ್ತು. ಹತ್ತಿ ಭಗ್ಗೆಂದಿತು.

ನಾದಿನಿ ಎರಡು ಹೆಜ್ಜೆ ಹಿಂದೆ ಸರಿದಳು.

ಬೆಂಕಿಯಕ್ಕ ಒದ್ದೆ ಬಟ್ಟೆ ಹಾಕಿ ಆರಿಸಿದಳು. ವರದಿಯಲ್ಲಿ ಬರೆದಳು: ತೇರ್ಗಡೆಯಿಲ್ಲ. ಕಾರಣ: ಮಿಕ್ಸರಿನ ಅತಿ ಶಾಖ. ಪೆನ್ನು ಅಲ್ಲೇ ನಿಂತಿತು. ಹದಿನಾರು ವರ್ಷ ತಾನು ಮೊದಲ ಹಾಳೆಯನ್ನಷ್ಟೇ ಸುಟ್ಟು ಸಹಿ ಹಾಕಿದ್ದಳು. ಆ ತಂತಿಗಳೆಲ್ಲ ಈಗ ಯಾರ್ಯಾರ ಗೋಡೆಯೊಳಗಿವೆಯೋ! ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಕೊನೆಯ ಹಾಳೆಯನ್ನು ನಾನು ಇದುವರೆಗೆ ಪರೀಕ್ಷಿಸಿಲ್ಲ. ಸಹಿ ಹಾಕಿದಳು.

"ನನ್ ಜೊತೆ ನಿಮ್ ಕೆಲಸಾನೂ ಹೋಗುತ್ತಲ್ಲ ಅತ್ತಿಗೆ," ಎಂದಳು ನಾದಿನಿ, ಓದಿ.

"ಹೋದ್ರೆ ಹೋಗ್ಲಿ. ನೀನು ಪುಟ್ಟೀನ ಕರ್ಕೊಂಡ್ ಬಾ, ಹೊತ್ತಾಯ್ತು."

ಕಾಗದ ಹಿಡಿದು ಅವಳು ಗೇಟಿನತ್ತ ನಡೆದಳು. ಅವಳ ಸಹಿಗೂ ಕಾಯದೆ ಲಾರಿಯ ಎಂಜಿನ್ ಆಗಲೇ ಗುರುಗುಡುತ್ತಿತ್ತು. ನಡಿಗೆ ಓಟವಾಯಿತು.