ಅರವತ್ತು ಗ್ರಾಂ ಕಡಿಮೆ

ನಾನು ಕಬ್ಬಿಣದ ತೂಕದ ಬಟ್ಟು. ಆರು ಮೂಲೆ, ಅಂಗೈ ತುಂಬುವಷ್ಟು ಮೈ. ನೆತ್ತಿಯ ಮೇಲೆ ‘ಒಂದು ಕಿಲೋ’ ಎಂದು ಉಬ್ಬಿದ ಬರಹವಿದೆ. ಆ ಬರಹವನ್ನು ನಂಬದ ಒಬ್ಬ ಮನುಷ್ಯ ನನ್ನಿಂದಲೇ ಸತ್ತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನೇನೂ ಸಾಧುವಲ್ಲ, ಆಮೇಲೆ ನೀವು ಬೇಸರ ಮಾಡಿಕೊಳ್ಳಬಾರದು.

ನಾನು ಹುಟ್ಟಿದ್ದು ಬೆಳಗಾವಿ ಕಡೆಯ ಒಂದು ಎರಕದ ಮನೆಯಲ್ಲಿ. ಅದಕ್ಕೂ ಮೊದಲು ಒಡೆದ ಪಂಪು, ಸವೆದ ಗಾಲಿ, ಯಾವುದೋ ಯಂತ್ರದ ಹಲ್ಲು ಆಗಿದ್ದೆ. ಎಲ್ಲವನ್ನೂ ಸುತ್ತಿಗೆಯಿಂದ ಚಚ್ಚಿ ಕುಲುಮೆಗೆ ಹಾಕಿ ಕುದಿಸಿದರು. ಕುದಿಯುತ್ತಿದ್ದ ನನ್ನನ್ನು ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ಅಚ್ಚನ್ನು ಒಡೆದು ನನ್ನನ್ನು ಹೊರಗೆಳೆದು ಮೈಯೆಲ್ಲ ಅರದಿಂದ ಉಜ್ಜಿದರು. ಹೊಟ್ಟೆಯ ಕೆಳಗೆ ಒಂದು ತೂತು ಉಳಿಸಿದ್ದರು. ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವ ತನಕ ಅದರೊಳಗೆ ಕರಗಿದ ಸೀಸ ಹೊಯ್ದರು, ಸೀಸದ ಮೇಲೆ ಸರಕಾರದ ಮುದ್ರೆ ಒತ್ತಿದರು. ಆ ದಿನ ನಾನು ಸರಿಯಾಗಿ ಸಾವಿರ ಗ್ರಾಂ ಇದ್ದೆ. ಸುಳ್ಳಿಲ್ಲದೆ ಬದುಕಿದ್ದು ಆಗ ಕೆಲವು ತಿಂಗಳು ಮಾತ್ರ.

ನನ್ನನ್ನು ಕೊಂಡವನು ಗದಗಿನ ಪೇಟೆಯ ಬೆಲ್ಲ, ಬೇಳೆಯ ವ್ಯಾಪಾರಿ ದುಂಡಪ್ಪ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಒಂದು ಮಧ್ಯಾಹ್ನ ಅವನು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿ, ನನ್ನನ್ನು ತಲೆಕೆಳಗು ಮಾಡಿ ಎರಡು ಪಾದಗಳ ನಡುವೆ ಒತ್ತಿ ಹಿಡಿದ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಮುದ್ರೆ ಕಿತ್ತುಬಂತು, ಸೀಸ ಚೂರುಚೂರಾಗಿ ಬಂತು. ಖಾಲಿಯಾದ ಹೊಟ್ಟೆಗೆ ಅರಗು ಕರಗಿಸಿ ಹೊಯ್ದು, ಮೇಲೆ ದೀಪದ ಮಸಿ ಬಳಿದ. ಮುದ್ರೆ ಹಾಕುವವರು ಬಂದಾಗ ತೋರಿಸಲು ಅವನ ಬಳಿ ಇನ್ನೊಂದು ಸಾಚಾ ಬಟ್ಟು ಇತ್ತು. ಅದು ದೇವರ ಫೋಟೋದ ಹಿಂದೆ ತಣ್ಣಗೆ ಕೂತಿರುತ್ತಿತ್ತು, ಗಿರಾಕಿಗಳ ಮುಂದೆ ನಿಲ್ಲುವ ಪಾಪ ನನ್ನ ಪಾಲಿಗೆ.

ಮೂರು ವರ್ಷ ಹಾಗೇ ನಡೆಯಿತು. ಒಂದು ದಿನ ಗೌಂಡಿ ಹೊಳೆಬಸಪ್ಪ ಬಂದ. ಗೋಡೆ ಕಟ್ಟುವವನು, ಮೊಣಕೈ ತನಕ ಸಿಮೆಂಟು ಮೆತ್ತಿತ್ತು. ಕೈಯಲ್ಲಿದ್ದ ಬೆಲ್ಲದ ಪೊಟ್ಟಣವನ್ನು ಅಂಗಡಿಯ ಕಟ್ಟೆಯ ಮೇಲೆ ಇಟ್ಟ.

“ಸಾವ್ಕಾರ್ರ, ನಿಮ್ಮ ಕಿಲೋ ಕಿಲೋ ಅಲ್ರಿ. ಅರವತ್ತು ಗ್ರಾಂ ಕಮ್ಮಿ ಐತಿ. ಐದು ಸಲ ಬ್ಯಾರೆ ಕಡೆ ತೂಗಿಸಿ ನೋಡೇನಿ.”

“ಗ್ವಾಡಿ ಕಟ್ಟಾಂವ ಗ್ವಾಡಿ ಕಟ್ಟು. ನನಗ ತೂಕಾ ಕಲಸ್ತಿ ಏನು?”

“ಗ್ವಾಡಿ ಕಟ್ಟಾಂವಗ ಯಾವುದು ನೆಟ್ಟಗ, ಯಾವುದು ಸೊಟ್ಟ ಗೊತ್ತಾಗತೈತ್ರಿ. ಆ ಬಟ್ಟು ಇತ್ತಾಗ ಕೊಡ್ರಿ, ತಳಾ ನೋಡ್ತೀನಿ.”

ಜನ ಸೇರಿದರು. ಯಾರೋ ನಕ್ಕರು. ಹೊಳೆಬಸಪ್ಪ ನನಗಾಗಿ ಕೈ ಚಾಚಿದ. ದುಂಡಪ್ಪನ ಹೆಬ್ಬೆರಳು ನನ್ನ ನೆತ್ತಿಯ ಗುಳಿಯಲ್ಲಿ ಬಿಗಿಯಾಗಿ ಕೂತಿತು. ಅವನು ನನ್ನನ್ನು ಎತ್ತಿ ಬೀಸಿದ. ಎಡಗಣ್ಣಿನ ಪಕ್ಕದ ಎಲುಬು ನನ್ನ ಅಡಿಯಲ್ಲಿ ಮುರಿದದ್ದು ನನಗೆ ಗೊತ್ತಾಯಿತು. ಹೊಳೆಬಸಪ್ಪ ಬೇಳೆಯ ಚೀಲದ ಮೇಲೆ ಬಿದ್ದ. ಬೇಳೆಯೆಲ್ಲ ಕೆಂಪಾಯಿತು. ನನ್ನನ್ನು ಕೇಳಿ ಚಾಚಿದ್ದ ಕೈ ಮಾತ್ರ ಬಹಳ ಹೊತ್ತು ಚಾಚಿಕೊಂಡೇ ಇತ್ತು. ಸಂಜೆ ಆಸ್ಪತ್ರೆಯಲ್ಲಿ ಅವನ ಪ್ರಾಣ ಹೋಯಿತಂತೆ.

ನಾನು ಮುದ್ದೆಮಾಲು ಆದೆ. ಅಪರಾಧದಲ್ಲಿ ಸಿಕ್ಕಿದ ವಸ್ತುವಿಗೆ ಪೊಲೀಸರು ಹಾಗೆನ್ನುತ್ತಾರೆ. ಕೊರಳಿಗೆ ದಾರ ಕಟ್ಟಿ ಚೀಟಿ ತೂಗಿಸಿದರು: ‘ಒಂದು ಕಿಲೋ ತೂಕದ ಕಬ್ಬಿಣದ ಬಟ್ಟು, ಒಂದು.’ ನನಗಂಟಿದ್ದ ರಕ್ತವನ್ನು ಪರೀಕ್ಷೆಗೆ ಕಳಿಸಿದರು, ಬೆರಳಿನ ಗುರುತು ತೆಗೆದರು, ಉದ್ದಗಲ ಅಳೆದರು. ತೂಗಲಿಲ್ಲ! ನೆತ್ತಿಯ ಮೇಲೆ ಬರೆದಿದೆಯಲ್ಲ, ತೂಗುವುದೇಕೆ? ದುಂಡಪ್ಪನ ವಕೀಲ ಎದ್ದು ನಿಂತು, ಮರ್ಯಾದಸ್ಥ ವ್ಯಾಪಾರಿಯ ಮೇಲೆ ಹತ್ತು ಜನರ ಮುಂದೆ ಸುಳ್ಳು ಆಪಾದನೆ ಹೊರಿಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಎಂದು ಕೇಳಿದ. ಶಿಕ್ಷೆ ಕಡಿಮೆಯಾಯಿತು. ಹೊಳೆಬಸಪ್ಪನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು, “ನನ್ನ ಗಂಡ ಸುಳ್ಳಾಡೋ ಮನಶ್ಯಾ ಅಲ್ರಿ” ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. ನಾನು ಪೊಲೀಸರ ಚೀಲದಲ್ಲಿ ಅವಳ ಪಕ್ಕದಲ್ಲೇ ದಾಟಿ ಹೋದೆ. ನನಗೆ ಬಾಯಿ ಇರಲಿಲ್ಲ. ಇದ್ದಿದ್ದರೆ ಮಾತಾಡುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಆಮೇಲೆ ಹನ್ನೊಂದು ವರ್ಷ ಕೊಡಲಿ, ಕುಡುಗೋಲು, ಸೈಕಲ್ ಚೈನುಗಳ ಜೊತೆ ಕತ್ತಲೆ ಕೋಣೆಯಲ್ಲಿ ಬಿದ್ದಿದ್ದೆ. ಎಲ್ಲರದೂ ರಕ್ತದ ಕಥೆಯೇ. ಕೊನೆಗೆ ಬೇಡದ ಕಬ್ಬಿಣವೆಂದು ಗುಜರಿ ಅಂಗಡಿಯ ಇಮಾಮಸಾಬನಿಗೆ ಕೊಟ್ಟರು. ಅವನು ನನ್ನ ಚೀಟಿ ಕಿತ್ತೆಸೆದು, ಬೂದಿಯಿಂದ ತಿಕ್ಕಿ ತೊಳೆದು, ಒಂದು ಹಳೆಯ ಕೈತಕ್ಕಡಿಯ ಪಕ್ಕ ಕೂರಿಸಿದ. ನನಗೆ ಜೊತೆಯಾಗಿ ಎರಡು ಅರ್ಧ ಕಿಲೋ, ಒಂದು ಐವತ್ತು ಗ್ರಾಂ, ಒಂದು ಹತ್ತು ಗ್ರಾಂ ಇದ್ದವು. ಅವೆಲ್ಲ ಸಾಚಾ. ನಾನೊಬ್ಬನೇ ಕಳ್ಳ.

ಅಲ್ಲಿಗೆ ಕಸ್ತೂರಿ ಬಂದಳು. ಜೊತೆಗೆ ಏಳು ವರ್ಷದ ಮಗಳು ಚಂಪಾ. ಇಮಾಮಸಾಬನ ಅಂಗಡಿಯಲ್ಲಿ ಕಬ್ಬಿಣ ಒಂದು ಕಡೆ, ರದ್ದಿ ಪುಸ್ತಕ ಇನ್ನೊಂದು ಕಡೆ. ಕಸ್ತೂರಿ ಪುಸ್ತಕದ ರಾಶಿಯ ಮುಂದೆ ಕೂತಳು.

“ಯಾವ ಸಾಲಿಗೆ ತಂಗೆವ್ವಾ?” ಎಂದು ಇಮಾಮಸಾಬ ಕೇಳಿದ.

“ಸಾಲಿಗಲ್ರಿ, ಮನಿಗೆ. ಏಳರ ಮಗ್ಗಿ ತಪ್ಪಿದ್ದಕ್ಕ ಮಾಸ್ತರ ಕಿವಿ ಮ್ಯಾಲೆ ಹೊಡದಾರ. ತಮಟಿ ಹರದೈತಿ, ಎಡಗಿವಿ ಕೇಳಂಗಿಲ್ಲ. ಇನ್ನ ನಾನ ಕಲಸ್ತೀನಿ.”

ಅವಳು ಪುಸ್ತಕ ಆರಿಸುವ ರೀತಿಯೇ ಬೇರೆ. ಹೆಸರು ಓದಲಿಲ್ಲ, ತರಗತಿ ನೋಡಲಿಲ್ಲ. ಒಂದೊಂದನ್ನೂ ಬಿಡಿಸಿ ಮಗಳ ಮುಂದೆ ಹಿಡಿದು, ಮಗಳ ಕೈ ನೋಡಿದಳು. ದಪ್ಪ ಮಗ್ಗಿ ಪುಸ್ತಕ ಬಿಡಿಸಿದಾಗ ಚಂಪಾಳ ಎರಡೂ ಕೈ ತಟಕ್ಕನೆ ಬೆನ್ನ ಹಿಂದೆ ಹೋದವು. ಬಣ್ಣದ ಗಣಿತದ ಪುಸ್ತಕಕ್ಕೂ ಹಾಗೇ. ಏಟು ತಿಂದು ತಿಂದು ಅಂಗೈಗಳಿಗೆ ಅದೇ ರೂಢಿಯಾಗಿತ್ತು. ಒಂಟೆಯೊಂದು ಬಾವಿಯೊಳಗೆ ಇಣುಕುವ ಚಿತ್ರದ ಕಥೆಪುಸ್ತಕಕ್ಕೆ ಒಂದು ಕೈ ಮುಂದೆ ಬಂತು.

“ಕಡೀ ಹಾಳಿ ಹರದೈತಿ, ತಂಗೆವ್ವಾ.”

“ಇರಲಿ ಬಿಡ್ರಿ, ಕಡೀದು ನಾವ ಬರಕೋತೀವಿ.”

ಆಮೇಲೆ ಹಳೆಯದೊಂದು ರೈಲ್ವೆ ವೇಳಾಪಟ್ಟಿ. ಊರಿನ ಹೆಸರು, ಗಂಟೆ, ನಿಮಿಷ. ಅಂಕಿಗಳೆಂದು ಗೊತ್ತಾಗದೆ ಚಂಪಾ ಅದರ ಮೇಲೆ ಬೆರಳಾಡಿಸಿದಳು. ಕಸ್ತೂರಿ ಅದನ್ನೂ ಎತ್ತಿಕೊಂಡಳು. ಇಮಾಮಸಾಬ ಒಳ್ಳೆಯ ಮನಸ್ಸಿನಿಂದಲೇ ಒಂದು ಮರದ ಅಡಿಪಟ್ಟಿಯನ್ನು ತಂದು, “ಇದು ಹಂಗ ಇಟಗೋರಿ” ಎಂದ. ಅದನ್ನು ಕಂಡದ್ದೇ ಚಂಪಾ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಕಸ್ತೂರಿ ಅಡಿಪಟ್ಟಿಯನ್ನು ತೆಗೆದುಕೊಂಡು ಮೊಣಕಾಲಿಗಿಟ್ಟು ಎರಡು ತುಂಡು ಮಾಡಿ ಹೊರಗೆಸೆದಳು. ಇಮಾಮಸಾಬ ನೆಲ ಒರೆಸಲು ಬಟ್ಟೆ ತಂದ.

ಅಷ್ಟರಲ್ಲಿ ಚಂಪಾ ಕಬ್ಬಿಣದ ಕಡೆ ಬಂದಿದ್ದಳು. ಎರಡು ಕೈಯಲ್ಲಿ ನನ್ನನ್ನು ಎತ್ತಿ ತಟ್ಟೆಯಲ್ಲಿಟ್ಟಳು. ತಟ್ಟೆ ಕೆಳಗಿಳಿದದ್ದು ನೋಡಿ ನಕ್ಕಳು.

“ಎರಡೂ ಕೈ ಮುಂದ ಬಂದ್ವು ನೋಡ್ರಿ!” ಎಂದಳು ಕಸ್ತೂರಿ. “ಈ ತಕ್ಕಡಿ, ಬಟ್ಟು ಎಲ್ಲಾ ಕೊಡ್ರಿ.”

ಮಗುವಿಗೆ ಲೆಕ್ಕ ಕಲಿಸಲು ಇಷ್ಟು ದೊಡ್ಡ ಅಂಗಡಿಯಲ್ಲಿ ಅವಳು ನನ್ನನ್ನು ಆರಿಸಿದ್ದಳು. ನನಗೆ ಭಯವಾಯಿತು. ಕೋರ್ಟಿನಲ್ಲೂ ಅಷ್ಟು ಭಯವಾಗಿರಲಿಲ್ಲ.

ಮನೆ ಎಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ. ಗಂಡ ಮಾಂತೇಶ ಟ್ರ್ಯಾಕ್ಟರ್ ಮೆಕ್ಯಾನಿಕ್. ಕೆಟ್ಟವನಲ್ಲ, ಆದರೆ ಮುಂಗೋಪಿ. ತಾನು ಏಟು ತಿಂದೇ ಕಲಿತೆನೆಂದು ನಂಬಿದ್ದ. “ದಸರಾ ಸೂಟಿ ಮುಗಿಯೂದರಾಗ ಲೆಕ್ಕಾ ಬರಲಿಲ್ಲಂದ್ರ ಅದ ಸಾಲಿಗೆ ಹಾಕ್ತೀನಿ. ಮಾಸ್ತರಗ ಹೇಳಿ ಬಂದೇನಿ” ಎಂದು ಹೆಂಡತಿಗೆ ಗಡುವು ಕೊಟ್ಟಿದ್ದ. ಕಸ್ತೂರಿ ಹುಣಸೆ ಬೀಜಗಳನ್ನು ಹತ್ತತ್ತರ ಗಂಟು ಕಟ್ಟಿ ಕೂಡಿಸಲು, ಕಳೆಯಲು ಕಲಿಸಿದಳು. ವೇಳಾಪಟ್ಟಿ ಹಿಡಿದು, ಗದಗ ಬಿಟ್ಟ ರೈಲು ಹುಬ್ಬಳ್ಳಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆಂದು ಕೇಳಿದಳು. ಚಂಪಾ ಬೆರಳು ಮಡಚಿ ಹೇಳುತ್ತಿದ್ದಳು. ಮಗಳಿಗೆ ಕೈಯೆತ್ತುವುದಿಲ್ಲವೆಂದು ಕಸ್ತೂರಿ ದೇವರ ಮುಂದೆ ಆಣೆ ಮಾಡಿದ್ದಳು.

ನಾಲ್ಕನೆಯ ದಿನವೇ ಚಂಪಾ ನನ್ನನ್ನು ಹಿಡಿದುಬಿಟ್ಟಳು. ಒಂದು ತಟ್ಟೆಯಲ್ಲಿ ನಾನು, ಇನ್ನೊಂದರಲ್ಲಿ ಎರಡು ಅರ್ಧ ಕಿಲೋ. ಆ ಕಡೆ ಇಳಿಯಿತು. ನನ್ನನ್ನು ಆ ತಟ್ಟೆಗೆ ಬದಲಿಸಿ ನೋಡಿದಳು. ಆಗಲೂ ನಾನೇ ಮೇಲೆ. ನನ್ನ ಜೊತೆ ಐವತ್ತು ಇಟ್ಟಳು, ಹತ್ತು ಇಟ್ಟಳು. ಮುಳ್ಳು ನೆಟ್ಟಗೆ ನಿಂತಿತು. ಓಡಿಹೋಗಿ ಅವ್ವನಿಗೆ ಹೇಳಿದಳು. ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. “ತಕ್ಕಡಿ ಹಳೇದೈತಿ ಬಿಡು” ಎಂದಳು. ಒಳ್ಳೆಯವಳೇ, ಆದರೂ ಆ ಹೊತ್ತು ಕೇಳಿಸಿಕೊಳ್ಳಲಿಲ್ಲ.

ದಸರಾ ರಜೆಯ ಕೊನೆಯ ದಿನ ಮಧ್ಯಾಹ್ನ ಮಾಂತೇಶ ಊಟಕ್ಕೆ ಬಂದ. ಕೈಯ ಎಣ್ಣೆಯನ್ನೂ ತೊಳೆಯದೆ ಪಡಸಾಲೆಯಲ್ಲಿ ಕೂತು ಮಗಳನ್ನು ಕರೆದ.

“ಹೇಳು ನೋಡೂಣು. ಒಂದು ಕಿಲೋದಾಗ ಅರ್ಧ ಕಿಲೋ ಎಷ್ಟು?”

ಚಂಪಾ ನನ್ನ ಕಡೆ ನೋಡಿದಳು. “ಯಪ್ಪಾ, ಈ ಕಿಲೋದಾಗ ಎರಡು ಆಗೂದಿಲ್ಲ. ಅರವತ್ತು ಗ್ರಾಂ ಕಮ್ಮಿ ಐತಿ.”

ಅದೇ ಮಾತು. ಇಷ್ಟು ವರ್ಷದ ಮೇಲೆ ಅದೇ ಅರವತ್ತು.

ಕಸ್ತೂರಿ ಮಗಳ ಪಕ್ಕಕ್ಕೆ ಬಂದಳು. “ಎರಡು ಅನ್ನ, ಚಂಪಾ.”

“ಅಲ್ಲಬೇ, ನಾ ತೂಗಿ ನೋಡೇನಿ...”

“ಎರಡು ಅನ್ನ ಅಂದೆ!” ಕಸ್ತೂರಿಯ ಕೈ ಮೇಲೆದ್ದು ಮಗಳ ಬೆನ್ನಿನ ಮೇಲೆ ಬಿತ್ತು. ಒಂದಲ್ಲ, ಎರಡು ಸಲ. ಮಗಳು ಮತ್ತೆ ಆ ಶಾಲೆಗೆ ಹೋಗುತ್ತಾಳೆಂಬ ಭಯಕ್ಕೆ ಅವಳು ಆಣೆಯನ್ನೂ ಮರೆತಳು. ಚಂಪಾಳ ಕೈಗಳು ಬೆನ್ನ ಹಿಂದೆ ಹೋದವು.

“ಸಾಲಿ ಬಿಡಿಸಿ ಇದನ್ನ ಕಲಿಸಿದಿ ಏನು?” ಎಂದು ಮಾಂತೇಶ ಎದ್ದ. ತಕ್ಕಡಿಗೆ ಒದ್ದ. ತಟ್ಟೆಗಳು ಹಾರಿದವು, ಹುಣಸೆ ಬೀಜ ಮನೆಯೆಲ್ಲ ಚೆಲ್ಲಿದವು. ಅವನು ನನ್ನನ್ನು ಎತ್ತಿಕೊಂಡ. ಹೆಬ್ಬೆರಳು ನೆತ್ತಿಯ ಗುಳಿಯಲ್ಲಿ ಕೂತಿತು. ಆ ಹಿಡಿತ ನನಗೆ ಗೊತ್ತಿತ್ತು. ಬೇಡ, ಬೇಡ ಎಂದು ನನ್ನ ಕಬ್ಬಿಣವೆಲ್ಲ ಕೂಗಿತು. ಕಸ್ತೂರಿ ಮಗಳನ್ನು ಅವುಚಿಕೊಂಡು ಗೋಡೆಗೆ ತಿರುಗಿದಳು. ಅವನು ಬೀಸಿ ಒಗೆದ.

ಅವರಿಗೆ ಗುರಿ ಇಟ್ಟಿರಲಿಲ್ಲವೆಂದು ಆಮೇಲೆ ನೂರು ಸಲ ಹೇಳಿದ. ನಾನು ಕಸ್ತೂರಿಯ ತಲೆಯ ಮೇಲೆ ಒಂದು ಗೇಣು ದೂರದಲ್ಲಿ ಹಾರಿ, ಕಲ್ಲಿನ ಗೋಡೆಗೆ ಬಡಿದು, ಹೊಸ್ತಿಲ ಮೇಲೆ ಬಿದ್ದೆ. ಹೊಟ್ಟೆಯ ಅರಗು ಕಳಚಿ ಉರುಳಿ ಮಾಂತೇಶನ ಕಾಲ ಬಳಿ ನಿಂತಿತು.

ಅವನು ಬಗ್ಗಿ ಅದನ್ನು ಎತ್ತಿದ. ನನ್ನನ್ನೂ ಎತ್ತಿ ತಳ ನೋಡಿದ. ತೂತಿಗೆ ಕಿರುಬೆರಳು ಹಾಕಿದ. ಜೇಬಿನ ಸ್ಕ್ರೂಡ್ರೈವರ್ ತೆಗೆದು ಒಳಗೆ ಕೆರೆದ. ಕಬ್ಬಿಣ ಬಲ್ಲ ಮನುಷ್ಯ, ಉಳಿಯ ಗಾಯ ಅವನಿಗೆ ತಿಳಿಯದೆ ಇರುವುದಿಲ್ಲ. ಅವನು ಮಗಳ ಪಕ್ಕಕ್ಕೆ ಹೋಗಿ ಮೊಣಕಾಲೂರಿದ.

“ನೀ ಹೇಳಿದ್ದು ಖರೇ ಐತವಾ.”

ಚಂಪಾ ತಿರುಗಲಿಲ್ಲ. ಅವನು ಇನ್ನೊಮ್ಮೆ ಜೋರಾಗಿ ಹೇಳಿದ.

“ಆ ಕಡೆ ಕೇಳಂಗಿಲ್ರಿ” ಎಂದಳು ಕಸ್ತೂರಿ.

ಇಷ್ಟು ತಿಂಗಳು ಯಾವ ಕಿವಿಯೆಂದು ಅವನು ಕೇಳಿಯೇ ಇರಲಿಲ್ಲ. ಚೆಲ್ಲಿದ್ದ ಬೀಜಗಳ ಮೇಲೆ ಮೊಣಕಾಲಲ್ಲೇ ಸುತ್ತಿ ಬಲಗಡೆಗೆ ಹೋಗಿ, ಅದೇ ಮಾತನ್ನು ಮೆಲ್ಲಗೆ ಹೇಳಿ ಅತ್ತ. ಕಸ್ತೂರಿ, “ನಾನೂ ಮಾಸ್ತರನಂಗ ಮಾಡಿದೆ, ಯವ್ವಾ” ಎಂದು ಮಗಳ ಬೆನ್ನು ಸವರಿದಳು. ಚಂಪಾಳ ಕೈಗಳು ಕೂಡಲೇ ಮುಂದೆ ಬರಲಿಲ್ಲ. ಕೊನೆಗೆ ಅವಳು ಅಪ್ಪನ ಮುಷ್ಟಿಯಲ್ಲಿದ್ದ ಅರಗನ್ನು ತೋರಿಸಿದಳು.

“ಆ ಕರೇದನ್ನ ಒಳಗ ಹಾಕು. ಇಲ್ಲಂದ್ರ ಅರವತ್ತಕ್ಕ ಸರಿ ಆಗೂದಿಲ್ಲ.”

ಮಾಂತೇಶ ಅರಗನ್ನು ತುಂಬಿದ, ಬಾಗಿದ ತಕ್ಕಡಿಯನ್ನು ನೆಟ್ಟಗೆ ಮಾಡಿದ. ಚಂಪಾ ತಾನೇ ಐವತ್ತು ಇಟ್ಟು, ಹತ್ತು ಇಟ್ಟಳು. ಮುಳ್ಳು ನೆಟ್ಟಗೆ ನಿಂತಿತು. ಆ ಶಾಲೆಯ ಹೆಸರು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅದಾಗಿ ಹದಿನಾರು ವರ್ಷವಾಯಿತು. ಈಗ ಆ ಪಡಸಾಲೆಯಲ್ಲಿ ಚಂಪಾ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಒಂಟೆಯ ಕಥೆಗೆ ಕಡೆಯ ಹಾಳೆ ಅಂಟಿಸಿದ್ದಾಳೆ. ನಾನು ಕಿಟಕಿಯಲ್ಲಿ ಕೂತು ವೇಳಾಪಟ್ಟಿ ಗಾಳಿಗೆ ಹಾರದಂತೆ ನೋಡಿಕೊಳ್ಳುತ್ತೇನೆ. ಮೈಗೆ ತೆಳ್ಳಗೆ ತುಕ್ಕು ಹಿಡಿದಿದೆ. ನೆತ್ತಿಯ ಸುಳ್ಳಿನ ಮೇಲೆ ಅವಳು ಏಳನೆಯ ವಯಸ್ಸಿನಲ್ಲಿ ಉಗುರಿನ ಬಣ್ಣದಿಂದ ‘೯೪೦’ ಎಂದು ಬರೆದಳು. ವರ್ಷಕ್ಕೊಮ್ಮೆ ಅದನ್ನೇ ತಿದ್ದುತ್ತಾಳೆ. ಅದು ನನ್ನ ನಿಜವಾದ ಹೆಸರು, ನನಗೆ ಅದರ ಮೇಲೆ ಪ್ರೀತಿ.

ಆದರೂ ನನಗೆ ನೆಮ್ಮದಿ ಇಲ್ಲ. ಮಾಂತೇಶ ಸುತ್ತಿಹೋಗಿ ಕೇಳುವ ಕಿವಿಗೆ ಹೇಳಿದ. ಹೊಳೆಬಸಪ್ಪನಿಗೆ ಯಾವ ಕಡೆಯಿಂದ ಹೇಳಿದರೂ ಕೇಳಿಸುವುದಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದ ಅವನ ಹೆಂಡತಿ ಎಲ್ಲಾದರೂ ಇದ್ದರೆ, ಇದನ್ನು ಓದಿದವರು ದಯವಿಟ್ಟು ಅವಳಿಗೆ ತಿಳಿಸಿ. ನಿನ್ನ ಗಂಡ ಸುಳ್ಳಾಡಲಿಲ್ಲ ತಾಯಿ, ಅರವತ್ತು ಗ್ರಾಂ ಕಡಿಮೆ ಇತ್ತು.