ಚುಕ್ಕಿಯಂಥಾಕಿ

ನನ್ನ ಮಗಳ ಹೆಸರು ತಿಪ್ಪವ್ವ. ಕೇಳಿ ನಗುವವರು ನಗಲಿ, ನಕ್ಕವರ ಹಲ್ಲು ಕಾಣುತ್ತವೆ, ನನಗೇನು. ಅವಳಿಗಿಂತ ಮೊದಲು ಹುಟ್ಟಿದ ಎರಡು ಗಂಡುಕೂಸುಗಳು ತೊಟ್ಟಿಲಲ್ಲೇ ಹೋದವು. ಇದು ಹುಟ್ಟಿದ ಕೂಡಲೇ ನನ್ನ ಅತ್ತೆ ರಾಚವ್ವ ಕೂಸನ್ನು ಒಯ್ದು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದಳು. ಮಗ್ಗುಲ ಮನೆಯ ಶೆಟ್ಟೆವ್ವ ಅದನ್ನು ತನ್ನದೆಂದು ಎತ್ತಿಕೊಂಡಳು. ಅತ್ತೆ ಅವಳಿಗೆ ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡು ತಂದಳು. ತಿಪ್ಪೆಗೆ ಬಿಸಾಡಿದ್ದು, ತೌಡಿಗೆ ಬಂದದ್ದು, ಇಂಥದನ್ನು ಯಾವ ದೃಷ್ಟಿ ಮುಟ್ಟೀತು ಎಂಬುದು ಅವಳ ವಿಚಾರ. ನಮ್ಮ ಕಡೆ ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೇ ಮಾಡುತ್ತಾರೆ.

ಅಂದಿನಿಂದ ಮನೆಯಲ್ಲಿ ಒಂದೇ ಕಟ್ಟಳೆ. ಆ ಕೂಸಿಗೆ ಯಾರೂ ಒಂದು ಒಳ್ಳೆಯ ಮಾತು ಆಡಕೂಡದು. ಎಣ್ಣೆ ಹಚ್ಚಿ ಎರೆದು ನಿಲ್ಲಿಸಿದರೆ ಅತ್ತೆ "ಕರೇ ಹಂಚು ತೊಳದಂಗಾತು" ಅನ್ನುತ್ತಿದ್ದಳು. ನಾನು ಹೆರಳು ಹಾಕುತ್ತ "ಹೊಲಸ ಮಾರಿ, ಸುಮ್ಮ ಕುಂದ್ರು" ಅನ್ನುತ್ತಿದ್ದೆ. ಐದು ವರ್ಷ ಅಂದೆ. ಆದರೆ ಹುಡುಗಿ ಇದ್ದದ್ದು ಹೇಗೆ ಅಂತೀರಿ? ಅವಳು ಓಡಿ ಬಂದರೆ ಅಂಗಳದಲ್ಲಿದ್ದವರು ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತಿದ್ದರು. ಅವರು ನೋಡಿದಾಗೆಲ್ಲ ನಾನು ಅಂಜಿ, ಅವಳನ್ನು ಸೆರಗಿನೊಳಗೆ ಎಳೆದುಕೊಂಡು ಇನ್ನೆರಡು ಬೈಗುಳ ಸೇರಿಸುತ್ತಿದ್ದೆ.

ಅವಳಿಗೆ ಐದು ತುಂಬಿದ ವರ್ಷ ಸವದತ್ತಿಯ ಕಡೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಸುದ್ದಿ ಕೇಳಿದ ಕೂಡಲೇ ನಮ್ಮ ಉಗರಗೋಳದ ಮಂದಿಯೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಬೈಲಹೊಂಗಲದಲ್ಲಿ ಕನ್ನಡ ಸಾಲಿ ಮಾಸ್ತರನಾಗಿದ್ದ ನನ್ನ ಅಣ್ಣ ನಿಜಗುಣಪ್ಪ, ಸೂಟಿ ಸಿಕ್ಕಿತೆಂದು ನಮ್ಮನ್ನು ನೋಡಲು ಅಲ್ಲಿಗೇ ಬಂದ. ಅವನಿಗೆ ಮಾತೆಂದರೆ ಹುಚ್ಚು. ಊಟಕ್ಕೆ ಕೂತರೆ ರೊಟ್ಟಿ ಆರುತ್ತಿತ್ತು, ಮಾತು ಆರುತ್ತಿರಲಿಲ್ಲ.

ತಿಪ್ಪವ್ವನನ್ನು ಅವನು ನೋಡಿದ್ದು ಅದೇ ಮೊದಲು. ಗುಡಿಸಲ ಬಾಗಿಲಲ್ಲಿ ಎತ್ತಿಕೊಂಡವನೇ, "ಚುಕ್ಕಿಯಂಥಾ ಕೂಸೈತಲ್ಲ ಗುರವ್ವ ಇದು" ಅಂದುಬಿಟ್ಟ.

ಬಡಿಯುತ್ತಿದ್ದ ರೊಟ್ಟಿ ನನ್ನ ಕೈಯಲ್ಲೇ ಹರಿಯಿತು. "ಅಣ್ಣಾ, ಹಂಗ ಅನಬ್ಯಾಡ" ಅಂದೆ.

"ಅಂದ್ರೇನಾತು? ಮಾತಿಗೇನ ಹಲ್ಲ ಅದಾವೇನು?" ಎಂದು ಅವನು ನಕ್ಕ.

ಹುಡುಗಿ ಕಣ್ಣು ಅರಳಿಸಿ, "ಮಾಮಾ, ಚುಕ್ಕಿಗೆ ಮತ್ತೇನಂತಾರ?" ಅಂದಳು. ಮಾಸ್ತರನಿಗೆ ಅಷ್ಟೇ ಸಾಕಾಯಿತು.

"ತಾರೆ ಅಂತಾರ, ನಕ್ಷತ್ರ ಅಂತಾರ. ಆದರ ಎಲ್ಲಾ ಕಡೆ ಎಲ್ಲಾ ಮಾತೂ ಹೊಂದೂದಿಲ್ಲ ನೋಡವ್ವ. ತಾರೆಯಂಥಾಕಿ ಅಂದ್ರ ಹಾಡಿನಾಗ ಚಂದ. ನಕ್ಷತ್ರದಂಥಾಕಿ ಅಂತ ಪುರಾಣ ಹೇಳಾವ್ರು ಅನ್ನಬೇಕು. ತಿಕ್ಕಿದ ತಂಬಗಿಗೆ ಥಳಥಳ. ಚಲೋ ಎತ್ತಿಗೆ ಸಾವಿರಕ್ಕೊಂದು. ಮನ್ಯಾಗ ಮಗಳನ್ನ ಕರ್ಯಾಕ ಮಾತ್ರ ಚುಕ್ಕಿಯಂಥಾಕಿ ಅನ್ನೂದ ಖರೇ."

ಅತ್ತೆ ಬಂದು ಅವನ ಕೈಯಿಂದ ಹುಡುಗಿಯನ್ನು ಕಸಿದುಕೊಂಡಳು. ಮೆಣಸಿನಕಾಯಿ, ಉಪ್ಪು, ಕಸಬರಿಗೆ ಕಡ್ಡಿ ಹಿಡಿದು ನಿವಾಳಿಸಿ ಒಲೆಗೆ ಹಾಕಿದಳು. ದೃಷ್ಟಿ ಆಗಿರದಿದ್ದರೆ ಘಾಟು ಎದ್ದು ಎಲ್ಲರೂ ಕೆಮ್ಮಬೇಕು. ಮೆಣಸಿನಕಾಯಿ ಸುಟ್ಟು ಕರಿಯಾದವು, ಯಾರಿಗೂ ಒಂದು ಸೀನು ಬರಲಿಲ್ಲ.

"ಕಾಯಿ ಮೆತ್ತಗಾಗಿರಬೇಕು" ಎಂದ ಅಣ್ಣ. ಅವನ ದನಿಯೂ ಸಣ್ಣಗಾಗಿತ್ತು.

ಮರುದಿನ ಹುಡುಗಿಗೆ ಜ್ವರ ಬಂತು. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ನಾನು ಅವಳ ಬಗಲು ಮುಟ್ಟಿ ನೋಡಿದೆ, ತೊಡೆಯ ಸಂದು ಮುಟ್ಟಿ ನೋಡಿದೆ. ಗಂಟು ಇರಲಿಲ್ಲ. ಇಲ್ಲ ಎಂದು ಗೊತ್ತಾದ ಮರುಗಳಿಗೆಯೇ ಈಗ ಎದ್ದಿರಬಹುದೆಂದು ಮತ್ತೆ ಮುಟ್ಟುತ್ತಿದ್ದೆ. ಪ್ಲೇಗಿನ ಗಂಟು ಎದ್ದ ಮೇಲೆ ಉಳಿದವರನ್ನು ನಾನಂತೂ ಕಂಡಿರಲಿಲ್ಲ. ನನ್ನ ಗಂಡ ಮಡಿವಾಳೆಪ್ಪ ಔಷಧ ತರಲು ಸವದತ್ತಿಗೆ ನಡೆದ. ಅಣ್ಣ ಹೊರಗೆ ಬೇವಿನ ಗಿಡದ ಕೆಳಗೆ ಕೂತ. ಒಳಗೆ ಬಂದರೆ ನಾಲಿಗೆ ಸುಡುತ್ತೇನೆಂದು ಅತ್ತೆ ಹೇಳಿದ್ದಳು.

ಮಧ್ಯಾಹ್ನ ಹುಡುಗಿ ಕಣ್ಣು ಬಿಟ್ಟಳು. ನಾನು ಅಳುತ್ತಿದ್ದುದು ಅವಳಿಗೆ ಕಂಡಿತು.

"ಅಂಜಬ್ಯಾಡ ಯವ್ವ. ನಾ ಹೊಲಸ ಅದೇನಿ. ನನ್ನ ಯಾರೂ ಒಯ್ಯಂಗಿಲ್ಲ."

ಅಯ್ಯೋ ಶಿವನೇ, ನನ್ನ ಕರುಳು ಕಿತ್ತು ಬಂದಂತಾಯಿತು. ಇಷ್ಟು ವರ್ಷ ನಾವು ಬೈದದ್ದೆಲ್ಲ ಯಮನನ್ನು ಮೋಸಗೊಳಿಸಲು. ಅವನು ಮೋಸ ಹೋದನೋ ಇಲ್ಲವೋ, ಕೂಸು ಮಾತ್ರ ಮೋಸ ಹೋಗಿತ್ತು.

ಅವಳು ಮತ್ತೆ ಕೇಳಿದಳು, "ಮಾಮಾ ಅಂದದ್ದು ಸುಳ್ಳ ಹೌದಿಲ್ಲೊ?"

ನಾನು ಅತ್ತೆಯ ಮುಖ ನೋಡಿದೆ. ಅವಳು ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು. ಸುಳ್ಳು ಎಂದರೆ ಹುಡುಗಿ ಹಾಗೆಯೇ ನಂಬಿಕೊಂಡು ಕಣ್ಣು ಮುಚ್ಚಬಹುದು. ಖರೆ ಎಂದರೆ ಅವಳನ್ನು ನಾನೇ ಕೈಯಾರೆ ಯಮನಿಗೆ ಕೊಟ್ಟಂತೆ. ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲವ್ವ" ಅಂದೆ. "ಮಾಮಾ ಖರೇನ ಹೇಳಿದ. ನೀ ಚುಕ್ಕಿಯಂಥಾಕಿ. ತಾರೆಯಂಥಾಕಿ, ನಕ್ಷತ್ರದಂಥಾಕಿ. ಸಾವಿರಕ್ಕೊಬ್ಬಾಕಿ." ಯಾವ ಮಾತು ಎಲ್ಲಿ ಹೊಂದುತ್ತದೋ ನನಗೆ ನೆನಪಿರಲಿಲ್ಲ. ಥಳಥಳ ಅಂತಲೂ ಅಂದೆ.

ಅತ್ತೆ ಎದ್ದು ಬಂದಳು. ಕಪಾಳಕ್ಕೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಅವಳು ಕೂಸಿನ ಆ ಮಗ್ಗುಲಿಗೆ ಕೂತು ಹಣೆಯ ಮೇಲೆ ಕೈ ಇಟ್ಟಳು.

"ಬೆಳ್ಳಿಚುಕ್ಕಿ" ಅಂದಳು. "ಅದನ್ನ ನಿಮ್ಮಣ್ಣ ಮರತಾನ. ಎಲ್ಲಾ ಚುಕ್ಕಿ ಮುಣಗಿದ ಮ್ಯಾಲೂ ಅದು ಇರತೈತಿ. ನೀ ಬೆಳ್ಳಿಚುಕ್ಕಿ ನನ್ನವ್ವ."

ಆಮೇಲೆ ನಾವಿಬ್ಬರೂ ಅವಳ ಎರಡು ಕೈ ಹಿಡಿದುಕೊಂಡು ಕೂತೆವು. ಆಡಿದ ಮಾತು ಆಡಿಯಾಗಿತ್ತು. ಗಂಡ ಔಷಧ ತಂದ, ಕುಡಿಸಿದೆವು. ಹೊರಗೆ ಎಲೆ ಅಲುಗಿದರೂ ಯಾರೋ ಬಂದರೆಂದು ಬಾಗಿಲ ಕಡೆ ನೋಡುತ್ತಿದ್ದೆವು. ಬೆಳಗಾಗುವ ಹೊತ್ತಿಗೆ ಹುಡುಗಿಯ ಕುತ್ತಿಗೆ ಬೆವರಿತು. ಬಿಸಿಲು ಏರಿದಾಗ ಎದ್ದು ಕೂತು ಅಂಬಲಿ ಬೇಡಿದಳು. ಗಂಟು ಎಲ್ಲಿಯೂ ಇರಲಿಲ್ಲ.

ಅತ್ತೆ ಜ್ವರ ಬಿಟ್ಟಿತೆಂದು ಸುಮ್ಮನೆ ಕೂಡುವ ಹೆಂಗಸಲ್ಲ. ದಡಬಡ ಎದ್ದು ಗುಡಿಸಲ ಬಾಗಿಲಿಗೆ ಹೋಗಿ, ನಾಲ್ಕು ಹೊಲಕ್ಕೆ ಕೇಳುವಂತೆ ಕೂಗಿದಳು. "ಎಂಥಾ ದರಿದ್ರ ಕೂಸ ಗಂಟಬಿದ್ದೈತವ್ವ ನಮಗ. ಹಂಚಿನ ಮಾರಿದು. ಯಾರಿಗೂ ಬ್ಯಾಡಾದದ್ದು."

ತಿಪ್ಪವ್ವ ನನ್ನ ಕಿವಿಯ ಹತ್ತಿರ ಬಂದು, "ಆಯಿ ಸುಳ್ಳ ಹೇಳಾಕ ಹತ್ಯಾಳ" ಅಂದಳು.

ಯಾರಾದರೂ ಕೇಳಿಸಿಕೊಂಡಾರೆಂದು ನಾನು ಗಬಕ್ಕನೆ ಅವಳ ಬಾಯಿ ಮುಚ್ಚಿದೆ. ನನ್ನ ಅಂಗೈಯೊಳಗೆ ಅವಳು ನಗುತ್ತಿದ್ದಳು.