ಪಾಟೀಲರ ಬಾವಿಯ ಹಗ್ಗ

ಮಲ್ಕಮ್ಮನ ಬಾಯಿಗೆ ಇಡೀ ಊರು ಅಂಜುತ್ತಿತ್ತು. ಆ ಬಾಯಿಗೆ ನೀರು ಕೊಡುತ್ತಿದ್ದುದು ಮಾತ್ರ ಹಳ್ಳದ ಮರಳಿನಲ್ಲಿದ್ದ ಒಂದೇ ಒಂದು ವರತಿ.

ಮರಳನ್ನು ಮೊಣಕೈ ಆಳ ತೋಡಿದರೆ ತಳದಿಂದ ನೀರು ಒಸರುತ್ತದೆ. ಬೋಗುಣಿಯಷ್ಟು ಕೂಡುವ ತನಕ ಕಾಯಬೇಕು, ಚಿಪ್ಪಿನಿಂದ ಮೊಗೆದು ಕೊಡಕ್ಕೆ ಸುರಿಯಬೇಕು, ಮತ್ತೆ ಕಾಯಬೇಕು. ಆಳಂದದಿಂದ ಹಿರೋಳ್ಳಿಗೆ ಹೋಗುವ ಬಂಡಿದಾರಿಯ ಪಕ್ಕದ ಆ ಊರಿನಲ್ಲಿ, ಊರ ಹೊರಗಿನ ಕೇರಿಯವರು ಅಜ್ಜ ಮುತ್ತಜ್ಜರ ಕಾಲದಿಂದ ಹೀಗೆ ಕಾದುಕೊಂಡೇ ಕುಡಿದವರು. ಊರೊಳಗೆ ಕಂದಾಯ, ಕಟ್ಟಳೆ ನೋಡಿಕೊಳ್ಳುವ ಮಾಲೀಪಾಟೀಲ ಅಣ್ಣಾರಾಯರ ಬಾವಿ ಇತ್ತು; ಆಳವಾದ, ಎಂದೂ ಬತ್ತದ ಬಾವಿ. ಕೇರಿಯವರು ಅದರ ಕಟ್ಟೆ ಏರುವಂತಿರಲಿಲ್ಲ, ಗಡಗಡೆಯ ಮೇಲೆ ಓಡುವ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಹಗ್ಗ ಮೈಲಿಗೆ, ಹಗ್ಗ ಇಳಿದ ನೀರು ಮೈಲಿಗೆ, ಆ ನೀರು ಕುಡಿದ ಊರೆಲ್ಲ ಮೈಲಿಗೆ. ಒಂದು ಹಗ್ಗಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತೆಂದು ಮಲ್ಕಮ್ಮ ಚಿಕ್ಕಂದಿನಲ್ಲಿ ಕೇಳಿ ಪೆಟ್ಟು ತಿಂದಿದ್ದಳು.

ವರತಿಯ ಮೇಲುಗಡೆ ದಂಡೆಯುದ್ದಕ್ಕೂ ಹುಲಗಲ, ಅಂದರೆ ಹೊಂಗೆಯ ಗಿಡಗಳಿದ್ದವು. ಅವುಗಳ ಬೇರು ಮಣ್ಣನ್ನು ಅಪ್ಪಿ ಹಿಡಿದಿದ್ದರಿಂದಲೇ ಸುಡುಬೇಸಿಗೆಯಲ್ಲೂ ಮರಳು ತೇವವಾಗಿರುತ್ತಿತ್ತು. ಅದಕ್ಕಾಗಿ ಕೇರಿಯಲ್ಲಿ ಒಂದು ಕಟ್ಟಳೆ: ಆ ದಂಡೆಯಲ್ಲಿ ಹಸಿ ಟೊಂಗೆ ಮುರಿಯಬಾರದು, ಗುಡಿಸಲು ಹಾಕಬಾರದು, ಎಮ್ಮೆ ಕಟ್ಟಬಾರದು. ತಪ್ಪಿದವನ ಮನೆಯ ಕೊಡವನ್ನು ಹೆಂಗಸರು ಸರದಿಯ ಕೊನೆಗೆ ನೂಕುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಯಾವ ಕಚೇರಿಯಲ್ಲೂ ಇರಲಿಲ್ಲ.

ಆದರೆ ಕೇರಿಯ ಕಟ್ಟಳೆ ಕೇರಿಯ ಮೇಲೆ ಮಾತ್ರ ನಡೆಯುತ್ತಿತ್ತು. ದಂಡೆಗೆ ತಾಗಿದ ಹೊಲ ದೌಲತರಾಯನದು, ಗಿಡಗಳೂ ಅವನವೇ. ಅವನಿಗೆ ಆ ವರ್ಷ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಹಾಕುವ ಹುಚ್ಚು ಹಿಡಿದಿತ್ತು. ಹುಲಗಲ ಕಡಿದು ಬಾಯ್ಲರಿಗೆ ಉರುವಲು, ನೀರಿನ ಅಂಚಿಗೇ ಕಲ್ಲಿನ ಗೋಡೆ. ಬುನಾದಿಗೆಂದು ಸುಣ್ಣದ ಗೆರೆಯನ್ನೂ ಎಳೆಸಿಬಿಟ್ಟಿದ್ದ.

ಗೆರೆ ಕಂಡ ದಿನವೇ ಮಲ್ಕಮ್ಮ ಅಣ್ಣಾರಾಯರ ಮನೆಯ ಮುಂದೆ ನಿಂತಳು, ಹೊಸ್ತಿಲಿನಿಂದ ದೂರ, ತನಗೆ ಗೊತ್ತುಮಾಡಿದ ಜಾಗದಲ್ಲಿ.

"ಏನ್ ಬೇ ಮಲ್ಕಮ್ಮ, ಮುಂಜಾನೆ ಮುಂಜಾನೆ ಯಾರ ಜೋಡಿ ಜಗಳಾ?"

"ಇನ್ನಾ ಸುರು ಮಾಡಿಲ್ರಿ ಗೌಡ್ರ. ನಿಮ್ಮಿಂದನೇ ಸುರು ಮಾಡೋಣಂತ ಬಂದೇನಿ."

ಪಾಟೀಲರು ನಕ್ಕರು. ಅವರು ಕೆಟ್ಟವರಲ್ಲ, ಯಾರಿಗೂ ಇಲ್ಲ ಎನ್ನಲಾರದ, ಹಾಗಾಗಿ ಯಾರಿಗೂ ಉಪಯೋಗಕ್ಕೆ ಬಾರದ ಮನುಷ್ಯ.

"ದೌಲತರಾಯರು ನೀರಿನ ಬಾಯಾಗೇ ಗ್ವಾಡಿ ಎಬ್ಬಸಾಕತ್ತಾರ. ವರತಿ ಬತ್ತಿದ್ರ ನಾವು ಏನ್ ಕುಡೀಬೇಕ್ರಿ?"

"ಅವ್ರ ಹೊಲ, ಅವ್ರ ಗಿಡ. ನಾ ಏನನ್ಲಿ?"

"ಹಳ್ಳ ಯಾರದ್ರಿ?"

"ಹಳ್ಳ ಸರ್ಕಾರದ್ದು."

"ಸರ್ಕಾರಕ್ಕ ಬಾಯಾರಿಕಿ ಆಗಂಗಿಲ್ಲೇನು? ನಿಮ್ಮ ಬಾವಿ ಸೆಲಿನೂ ಅದೇ ದಂಡಿದು ಅದ. ಇವತ್ತ ನಮ್ಮ ವರತಿ, ನಾಳಿಗಿ ನಿಮ್ಮ ಬಾವಿ."

ಅದು ಅಣ್ಣಾರಾಯರಿಗೂ ಗೊತ್ತಿತ್ತು. ಆದರೆ ದೌಲತರಾಯ ಅವರ ಬೀಗ. ಮಗಳನ್ನು ಆ ಮನೆಗೆ ಕೊಟ್ಟಿದ್ದರು. "ಬೀಗರ ಜೋಡಿ ಬಾಯಿ ಮಾಡಾಕ ಬರಂಗಿಲ್ಲವ್ವ," ಎಂದು ಒಳಗೆ ನಡೆದರು.

ಮಲ್ಕಮ್ಮ ಸುಮ್ಮನೆ ಮರಳಿದಳು. ಅವಳು ಸುಮ್ಮನೆ ನಡೆಯುವುದನ್ನು ಕಂಡ ಗಂಡ ಶಿವರಾಯನಿಗೆ ದಿಗಿಲಾಯಿತು. ಹಲಗೆ ಬಡಿದು ಊರಿಗೆ ಡಂಗುರ ಸಾರುವವನು ಅವನು. ಎಷ್ಟೇ ಸದ್ದನ್ನಾದರೂ ತಾಳಿಕೊಳ್ಳಬಲ್ಲ, ಹೆಂಡತಿಯ ಮೌನವನ್ನಲ್ಲ.

ದೌಲತರಾಯನ ದಂಡೆಯಲ್ಲಿ ಇನ್ನೊಂದು ಸಂಗತಿ ಇತ್ತು. ಹುಲಗಲಗಳ ನಡುವೆ ಒಂದು ಸಾಲು ಈಚಲ ಗಿಡ. ನಿಜಾಮರ ಸರಕಾರದಲ್ಲಿ ಈಚಲು ಯಾರ ಹೊಲದಲ್ಲಿದ್ದರೂ ಸೇಂದಿಯ ಲೆಕ್ಕಕ್ಕೆ ಅಬಕಾರಿಯವರ ಸ್ವತ್ತು. ಒಮ್ಮೆ ಡಾಂಬರಿನಲ್ಲಿ ನಂಬರು ಬಿತ್ತೆಂದರೆ ಒಡೆಯ ಅದಕ್ಕೆ ಕೊಡಲಿ ಹಾಕುವಂತಿಲ್ಲ, ಸೇಂದಿ ಇಳಿಸುವ ಕಲಾಲನ ದಾರಿಗೆ ಅಡ್ಡ ಕಟ್ಟುವಂತಿಲ್ಲ. ಹೀಗಾಗಿ ಪ್ರತಿವರ್ಷ ದೀಪಾವಳಿ ಮುಗಿದು, ಗಿಡ ಎಣಿಸಿ ನಂಬರು ಹಾಕುವ ಅಬಕಾರಿ ಅಧಿಕಾರಿ ಗಿರ್ದಾವರ ಬರುವ ಮೊದಲು ದೌಲತರಾಯ ಕೇರಿಯ ಹೆಂಗಸರನ್ನು ಕರೆಸುತ್ತಿದ್ದ. ಅವರು ಗರಿ ಕೊಯ್ದು, ಸುತ್ತ ಜಾಲಿಮುಳ್ಳು ಒಟ್ಟಿ, ಗಿಡಗಳನ್ನು ಪೊದೆಯಂತೆ ಮುಚ್ಚಿಬಿಡುತ್ತಿದ್ದರು. ಕೊಯ್ದ ಗರಿ ಅವರಿಗೇ. ಕಸ ಗುಡಿಸುವ ಬಾರಿಗೆ ಕಟ್ಟಿ ಸಂತೆಯಲ್ಲಿ ಮಾರಿಕೊಳ್ಳಲಿಕ್ಕೆ. ಆ ಕೆಲಸಕ್ಕೆ ಮುಂದಾಳು ಮಲ್ಕಮ್ಮನೇ.

ಆ ವರ್ಷವೂ ದೌಲತರಾಯನ ಆಳು ವರತಿಯ ಬಳಿ ಬಂದು ಕೂಗಿದ: "ಗಿರ್ದಾವರ ಸಾಹೇಬ್ರು ಬರೋರದಾರ. ನಾಳಿಗಿ ಕುಡಗೋಲು ತಗೊಂಡ್ ಬರ್ರಿ!"

"ಈ ವರ್ಷ ನಮಗ ಬಾರಿಗಿ ಬ್ಯಾಡಂತ ಹೇಳು," ಎಂದಳು ಮಲ್ಕಮ್ಮ, ಚಿಪ್ಪಿನಿಂದ ಕಣ್ಣು ಎತ್ತದೆ.

ಮುದುಕಿ ಚಂದವ್ವನಿಗೆ ಗಾಬರಿ. "ಬಾರಿಗಿ ಬಿಟ್ರ ಆಳಂದ ಸಂತಿಗಿ ಏನ್ ಒಯ್ಯೋದು ಬೇ?"

"ಒಣಗಿದ ಕೊಡಾ ಒಯ್ಯಿ. ಗ್ವಾಡಿ ಎದ್ದ ಮ್ಯಾಲ ಬೇಕಾದಷ್ಟು ಇರ್ತಾವ."

ಹೆಂಗಸರು ನಗಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಚಂದವ್ವನೇ ಮೊದಲು ನಕ್ಕಳು. ಮರುದಿನ ಯಾರೂ ಹೋಗಲಿಲ್ಲ.

ದೌಲತರಾಯ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ; ಗಿರ್ದಾವರ ಬರುವಷ್ಟರಲ್ಲಿ ಈಚಲೇ ಇರದಿದ್ದರೆ ಮುಚ್ಚುವ ಮಾತೇ ಇಲ್ಲ. ಅಫಜಲಪುರದ ಕಡೆಯಿಂದ ಕಟ್ಟಿಗೆ ಕಡಿಯುವವರನ್ನು ಕರೆಸಿ, "ದಂಡಿ ಎಲ್ಲಾ ಸಾಪ್ ಆಗಬೇಕು" ಎಂದು ಅಪ್ಪಣೆ ಮಾಡಿ ಮನೆಗೆ ಹೋದ. ಮೊದಲು ಈಚಲು ಉರುಳಿಸಿ ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಸರಕಾರಿ ಗಿಡವೆಂದು ತಿಳಿದರೆ ಅವರು ಕೊಡಲಿ ಹೆಗಲಿಗೇರಿಸಿ ಬಂದ ದಾರಿ ಹಿಡಿಯುತ್ತಿದ್ದರು. ಪರ ಊರಿನ ಕೊಡಲಿಯವರು ತಮ್ಮ ಕಸುಬಿನ ಪದ್ಧತಿಯಂತೆ ಕೆಲಸ ಶುರುಮಾಡಿದರು. ಕಾಲಿಗೆ ಚುಚ್ಚುವ ಮುಳ್ಳು ಮೊದಲು, ದೊಡ್ಡ ಗಿಡ ಆಮೇಲೆ. ಬಿಸಿಲೇರುವಷ್ಟರಲ್ಲಿ ವರ್ಷಗಟ್ಟಲೆ ಒಟ್ಟಿದ್ದ ಮುಳ್ಳೆಲ್ಲ ಪಕ್ಕಕ್ಕೆ ಸರಿದು, ಈಚಲ ಸಾಲು ಹಾಜರಿಗೆ ನಿಂತ ಸಿಪಾಯಿಗಳಂತೆ ಬೆತ್ತಲೆ ಬಯಲಿನಲ್ಲಿ ಎದ್ದು ನಿಂತಿತ್ತು.

ಮಲ್ಕಮ್ಮ ಅದನ್ನು ಕಂಡಳು. ಗಿರ್ದಾವರನ ಕುದುರೆ ಪಕ್ಕದ ಊರು ಬಿಟ್ಟಿದೆಯೆಂದು ಶಿವರಾಯ ಆಗಲೇ ಸುದ್ದಿ ತಂದಿದ್ದ. ಪ್ರತಿವರ್ಷ ಪಾಟೀಲರ ಆಳುಗಳು ಗಿರ್ದಾವರನನ್ನು ಊರಬಾಗಿಲ ಅಗಸಿಯಲ್ಲಿ ಎದುರುಗೊಂಡು, ಹಳ್ಳ ಕಾಣದ ಮೇಲಿನ ದಾರಿಯಿಂದ ಸುತ್ತಾಡಿಸಿ ಕಳಿಸುತ್ತಿದ್ದರು. ಅವಳು ಖಾಲಿ ಕೊಡ ಎತ್ತಿಕೊಂಡು, ಅಗಸಿಗೂ ಮುಂಚೆ ದಾರಿ ಕವಲೊಡೆಯುವಲ್ಲಿ ಹೋಗಿ ನಿಂತಳು.

ಗಿರ್ದಾವರ ಚಾಂದಪಾಶಾ ತೂಕಡಿಸುತ್ತ ಬರುತ್ತಿದ್ದ. ಹಿಂದೆ ಡಾಂಬರಿನ ಡಬ್ಬಿ ಹೊತ್ತ ಜವಾನ.

"ಸಲಾಮ್ರಿ ಸಾಹೇಬ್ರ. ಕುದ್ರಿ ಬಾಯಾಗ ನೊರಿ ಬಂದದ ನೋಡ್ರಿ."

"ಊರಾಗ ಕುಡಸ್ತೇನಿ, ಬಾಯಿ."

"ಊರ ಬಾವ್ಯಾಗ ಕುದ್ರಿ ಇಳೀತದೇನ್ರಿ? ಹಳ್ಳ ಇಲ್ಲೇ ಅದ."

ಚಾಂದಪಾಶಾ ಇನ್ನೂ ಯೋಚಿಸುತ್ತಿದ್ದ. ಅಷ್ಟರಲ್ಲಿ ಕುದುರೆ ನೀರಿನ ವಾಸನೆ ಹಿಡಿದು ಮಲ್ಕಮ್ಮನ ಪಕ್ಷ ಸೇರಿತು. ಕವಲು ದಾರಿಯಲ್ಲಿ ತಾನಾಗಿಯೇ ಕೆಳಗೆ ತಿರುಗಿತು.

ಮಳೆಗಾಲ ಕಳೆದು ಹಳ್ಳದಲ್ಲಿ ಉಳಿದಿದ್ದ ರಾಡಿನೀರನ್ನು ಕುದುರೆ ಬಾಗಿ ಕುಡಿಯಿತು. ಅವನೂ ಇಳಿದು ವರತಿಯ ಬಳಿ ಬೊಗಸೆ ಒಡ್ಡಿದ. ಮಲ್ಕಮ್ಮ ಒಂದು ಕ್ಷಣ ತಡೆದಳು. ಕೇರಿಯಾಚೆಯವರ ಬೊಗಸೆಗೆ ಅವಳ ಚಿಪ್ಪು ಎಂದೂ ನೀರು ಸುರಿದಿರಲಿಲ್ಲ. "ಹಾಕು ಬಾಯಿ, ಗಂಟ್ಲು ಒಣಗ್ಯಾದ," ಎಂದ ಅವನು. ಅವಳು ಸುರಿದಳು. ಅವನು ಕುಡಿದ, ಮತ್ತೊಮ್ಮೆ ಕುಡಿದ, ಮೀಸೆ ಒರೆಸಿಕೊಂಡು ತಲೆ ಎತ್ತಿದ. ತಲೆ ಅಲ್ಲೇ ನಿಂತಿತು.

"ಅರೇ! ಇವು ಯಾವಾಗ ಹುಟ್ಟಿದ್ವು?"

"ನನ್ನಕಿಂತ ಮೊದ್ಲೇ ಹುಟ್ಟ್ಯಾವ್ರಿ."

ಅಷ್ಟರಲ್ಲಿ ಸುದ್ದಿ ಮುಟ್ಟಿ ದೌಲತರಾಯ ಧೋತರ ಎತ್ತಿ ಹಿಡಿದು ಓಡಿ ಬಂದ. ಅವನ ಹಿಂದೆ ಏದುಸಿರು ಬಿಡುತ್ತ ಅಣ್ಣಾರಾಯರು, ಅವರ ಹಿಂದೆ ಅರ್ಧ ಊರು; ಕೇರಿಯವರಂತೂ ಆಗಲೇ ದಂಡೆಗೆ ಬಂದು ನಿಂತಿದ್ದರು.

"ಅವು ಜಂಗಲಿ ಪೊದಿ ಸಾಹೇಬ್ರ! ನಿನ್ನಿ ಮೊನ್ನಿ ಬೆಳದಾವ."

ಚಾಂದಪಾಶಾ ಒಂದು ಗಿಡವನ್ನು ತಬ್ಬಿ ನೋಡಿದ. "ನಿನ್ನಿ ಮೊನ್ನಿ ಹುಟ್ಟಿದ್ದಕ್ಕ ಇಷ್ಟು ದಪ್ಪ ಸೊಂಟಾ ರಾಯರ? ಇವನ್ನ ಮುಚ್ಚಿಟ್ಟವರು ಯಾರು?"

ದೌಲತರಾಯನ ಬೆರಳು ಸೀದಾ ಮಲ್ಕಮ್ಮನತ್ತ ತಿರುಗಿತು. "ಇಕಿನೇ! ಬಾರಿಗಿ ಆಸೇಕ ಈ ಹೆಂಗಸ್ರೇ ಮುಚ್ತಾರ."

ಕೊಡಲಿಯವರು ಕೈ ನಿಲ್ಲಿಸಿದರು. ಇದನ್ನು ಮಲ್ಕಮ್ಮ ಎಣಿಸಿರಲಿಲ್ಲ. ಕೇರಿಯ ಪ್ರತಿ ಮನೆಯ ಮೂಲೆಯಲ್ಲೂ ಈಚಲ ಬಾರಿಗೆ ನಿಂತಿದೆ. ಸುಳ್ಳು ಹೇಳಿದರೆ ಅವೇ ಎದ್ದು ಬಂದು ಸಾಕ್ಷಿ ನುಡಿಯುತ್ತವೆ. ಹಿಂದಿನಿಂದ ಚಂದವ್ವ ಅವಳ ಸೆರಗು ಜಗ್ಗಿದಳು.

"ಹೌದ್ರಿ ಸಾಹೇಬ್ರ," ಎಂದಳು, ಊರೆಲ್ಲ ಕೇಳುವಂತೆ. "ನಾವೇ ಮುಚ್ಚೀವಿ. ಕುಡಗೋಲು ನಮ್ಮದು, ಮುಳ್ಳು ಒಟ್ಟಿದ ಕೈಯೂ ನಮ್ಮದು. ಆದ್ರ ರಾಯರ ದಂಡಿಯಾಗ ಅವರ ಅಪ್ಪಣಿ ಇಲ್ಲದ ನಾವು ಕಾಲು ಇಡ್ತೇವೇನು, ಅವರನ್ನೇ ಕೇಳ್ರಿ. ನಾವು ಹೊಕ್ಕೊಂಡು ಗರಿ ಕೊಯ್ದಿದ್ರ ಇಷ್ಟು ವರ್ಷ ಸುಮ್ನ ಬಿಡ್ತಿದ್ರೇನು?"

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಚಾಂದಪಾಶಾ ಜವಾನನಿಗೆ ಕಣ್ಸನ್ನೆ ಮಾಡಿದ. ಡಾಂಬರಿನ ಡಬ್ಬಿ ತೆರೆಯಿತು. "ಹಳೇ ಮಾತು ನಾ ಕೆದರಂಗಿಲ್ಲ," ಎಂದ. "ಇವತ್ತಿನಿಂದ ಇವು ಸರ್ಕಾರಿ ಗಿಡ. ಕೊಡಲಿ ಬೀಳಬಾರದು. ಮತ್ತ ಆ ಸುಣ್ಣದ ಗೆರಿ ಏನು? ಗ್ವಾಡಿ ಎದ್ರ ನಮ್ಮ ಕಲಾಲ ಹ್ಯಾಂಗ ಬರಬೇಕು, ಮಂಗ್ಯಾನಂಗ ಜಿಗದು ಬರಬೇಕೇನು?"

ಒಂದೊಂದಾಗಿ ಗಿಡಗಳ ಮೈಮೇಲೆ ಕಪ್ಪು ನಂಬರು ಮೂಡುತ್ತಿದ್ದಂತೆ ಕೇರಿಯ ಹೆಂಗಸರ ಎದೆ ಉಬ್ಬುತ್ತಿತ್ತು. ಮಲ್ಕಮ್ಮನಿಗೆ ಮಾತ್ರ ಸಾಲಲಿಲ್ಲ. ವರತಿಯನ್ನು ಹಿಡಿದು ನಿಂತದ್ದು ಹುಲಗಲ, ಅವಕ್ಕೆ ನಂಬರಿಲ್ಲ.

"ಹುಲಗಲ ಗಿಡಕ್ಕರೀ?"

"ಅದು ನಮ್ಮ ಅಬಕಾರಿ ಮಹಕಮೆ ಕೆಲಸ ಅಲ್ಲ, ಬಾಯಿ. ಅದಕ್ಕ ನಿಮ್ಮ ಪಾಟೀಲರು ಅದಾರ." ಚಾಂದಪಾಶಾ ಅಣ್ಣಾರಾಯರ ಕಡೆ ತಿರುಗಿ ಮೆಲ್ಲಗೆ ನಕ್ಕ. "ಇಷ್ಟು ವರ್ಷ ನನ್ನ ಮ್ಯಾಲಿನ ದಾರಿಗೇ ಯಾಕ ಒಯ್ದ್ರಿ ಅಂತ ನಾ ಇನ್ನಾ ಕೇಳಿಲ್ಲ ನೋಡ್ರಿ, ಪಾಟೀಲರ."

ಅಣ್ಣಾರಾಯರು ಕೆಮ್ಮಿದರು. ಬೀಗನ ಮುಖ ನೋಡಿದರು. ಕುದುರೆಯ ಮುಖ ನೋಡಿದರು. ಕೊನೆಗೆ ತಮ್ಮ ಬಾವಿಯ ಸೆಲೆ ಹೊರಡುವ ದಂಡೆಯನ್ನು ನೋಡಿದರು. ಮನುಷ್ಯನಿಗೆ ಧೈರ್ಯ ಎಷ್ಟೋ ಸಲ ಇನ್ನೊಂದು ಅಂಜಿಕೆಯ ಬೆನ್ನೇರಿಯೇ ಬರುತ್ತದೆ. "ಹಳ್ಳದ ದಂಡಿಯಾಗ ಯಾರೂ ಗಿಡ ಕಡೀಬಾರದು, ಗ್ವಾಡಿ ಕಟ್ಟಬಾರದು," ಎಂದರು, ತಮ್ಮ ದನಿಗೆ ತಾವೇ ಬೆಚ್ಚಿ.

"ದಂಡಿ ಅಂದ್ರ ಎಷ್ಟು?" ದೌಲತರಾಯ ಕೆರಳಿದ. "ನಾಕು ಹೆಜ್ಜಿ!"

"ಪಾಟೀಲರ ಬಾವಿ ಎಷ್ಟು ಆಳ ಅದನೋ ಅಷ್ಟು," ಎಂದಳು ಮಲ್ಕಮ್ಮ. "ನೀರು ಅಷ್ಟು ಕೆಳಗ ಇಳಿದು ಬರಬೇಕಂದ್ರ, ಮ್ಯಾಲ ಅಷ್ಟಾರ ಜಾಗಾ ಬ್ಯಾಡೇನ್ರಿ?"

"ಇನ್ಸಾಫ್! ನ್ಯಾಯದ ಮಾತು!" ಚಾಂದಪಾಶಾ ತೊಡೆ ತಟ್ಟಿದ. ಹುರುಪೇರಿದ ಅಣ್ಣಾರಾಯರು ಆಳಿಗೆ ಕೂಗಿದರು: "ಓಡಲೇ, ಬಾವಿ ಹಗ್ಗ ತಗೊಂಡ್ ಬಾ!"

ಹಗ್ಗ ಬಂತು, ಇನ್ನೂ ತೊಟ್ಟಿಕ್ಕುತ್ತ. ಆಳು ಒಂದು ತುದಿ ಹಿಡಿದು ನೀರಿನ ಅಂಚಿಗೆ ಕುಳಿತ. ಇನ್ನೊಂದು ತುದಿ ಸುರುಳಿ ಬಿಚ್ಚಿಕೊಂಡು ಮರಳಿನ ಮೇಲೆ ಬಿತ್ತು, ಮಲ್ಕಮ್ಮನ ಕಾಲ ಬಳಿ.

"ಹಿಡಿ ಬಾಯಿ, ನೋಡ್ಕೋತ ಯಾಕ ನಿಂತಿ?" ಎಂದ ಆಳಂದದ ಗಿರ್ದಾವರ. ಅವನಿಗೇನು ಗೊತ್ತು.

ಅವಳಿಗೆ ಗೊತ್ತಿತ್ತು. ಬಾಗಿದಳು, ಎತ್ತಿಕೊಂಡಳು. ಹುಟ್ಟಿದಂದಿನಿಂದ ಕಣ್ಣಲ್ಲಿ ಕಂಡ ಹಗ್ಗದ ತೂಕ ಅವಳ ಕೈಗೆ ಅಂದೇ ತಿಳಿಯಿತು. ಊರಿನ ಎಲ್ಲ ಅಂಗೈಗಳು ಸವೆಸಿದ ನುಣುಪು. ಒಳಗೆ ತಣ್ಣಗೆ ನೀರು. ಬೆಂಕಿ ಹೊತ್ತಲಿಲ್ಲ, ಸಿಡಿಲು ಬೀಳಲಿಲ್ಲ. ಅವಳು ಹಗ್ಗ ಎಳೆದುಕೊಂಡು ದಂಡೆ ಏರಿದಳು. ಹುಲಗಲದ ಸಾಲು ದಾಟಿದಳು, ಈಚಲ ದಾಟಿದಳು, ಸುಣ್ಣದ ಗೆರೆಯನ್ನು ಅಂಗಾಲಿನಿಂದ ಅಳಿಸುತ್ತ ದಾಟಿದಳು. ಹಗ್ಗ ಬಿಗಿಯಿತು. ಅವಳು ಹಲ್ಲು ಕಚ್ಚಿ ಜಗ್ಗಿದಳು. ಕೆಳಗೆ ಕುಳಿತ ಆಳು ಮುಗ್ಗರಿಸಿದ.

"ಜಗ್ಗು ಮಲ್ಕಮ್ಮ!" ಕೇರಿಗೆ ಕೇರಿಯೇ ಕೂಗಿತು.

ಶಿವರಾಯ ಅಲ್ಲಿಯೇ ಗೂಟ ಹೊಡೆದ.

ಆಗ ಅಣ್ಣಾರಾಯರ ಮುಖ ಬಿಳುಪೇರಿತು. ಹಗ್ಗ ಯಾರ ಕೈಯಲ್ಲಿದೆಯೆಂದು ಅವರಿಗೂ ಊರಿಗೂ ಒಟ್ಟಿಗೇ ಹೊಳೆದಿತ್ತು. "ಆ ಹಗ್ಗ ಇನ್ನ ಬಾವಿಗಿ ಇಳಿಯಂಗಿಲ್ಲ," ಎಂದು ಯಾರೋ ಗೊಣಗಿದರು.

"ಬ್ಯಾಡ ಬಿಡ್ರಿ," ಎಂದಳು ಮಲ್ಕಮ್ಮ, ಹಗ್ಗವನ್ನು ಮೊಣಕೈಗೆ ಸುತ್ತಿಕೊಳ್ಳುತ್ತ. "ಗೌಡ್ರು ಹೊಸಾದು ಹಾಕಸ್ತಾರ. ಇದು ಕೇರಿಯಾಗ ಇರ್ಲಿ. ಮಳಿ ಬಂದ ಮ್ಯಾಲ ಹಳ್ಳ ಸರೀತದ, ಹೊಳ್ಳಿ ಅಳೀಬೇಕಲ್ಲ."

ಬೇಡವೆನ್ನಲು ಅಣ್ಣಾರಾಯರಿಗೆ ದಾರಿಯೇ ಇರಲಿಲ್ಲ. ಬೇಡವೆಂದರೆ ಹಗ್ಗವನ್ನು ತಾವೇ ಮುಟ್ಟಿ ಇಸಿದುಕೊಳ್ಳಬೇಕು.

ಅಂದು ಶಿವರಾಯ ಡಂಗುರವನ್ನು ಅಗಸಿಯಿಂದ ಶುರುಮಾಡಲಿಲ್ಲ. ವರತಿಯ ಬಳಿ ನಿಂತು ಹಲಗೆ ಬಡಿದ. ಹಳ್ಳದ ದಂಡೆಯಲ್ಲಿ ಕೊಡಲಿಯಿಲ್ಲ, ಗೋಡೆಯಿಲ್ಲ ಎಂಬ ಕಟ್ಟಳೆಯನ್ನು ಮೊದಲು ಕೇಳಿದ್ದು ಕೇರಿ, ಆಮೇಲೆ ಊರು. ಕೊಡಲಿಯವರು ಅಫಜಲಪುರದ ದಾರಿ ಹಿಡಿದರು. ಜಿನ್ನು ಮುಂದೆ ರಸ್ತೆಯ ಬದಿಯ ಒಣಭೂಮಿಯಲ್ಲಿ ಎದ್ದಿತು.

ಆಮೇಲಿನ ವರ್ಷಗಳಲ್ಲಿ ಹಳ್ಳದ ಕಡೆ ಕೊಟ್ಟಿಗೆಯನ್ನೋ ಕಣವನ್ನೋ ಮಾಡಬೇಕೆಂದವರು, ಅವರು ಯಾರೇ ಇರಲಿ, ಮೊದಲು ಕೇರಿಗೆ ಬಂದು ಮಲ್ಕಮ್ಮನ ಅಂಗಳದಾಚೆ ನಿಲ್ಲಬೇಕಾಯಿತು.

"ಮಲ್ಕಮ್ಮ, ಹಗ್ಗ ತಗೊಂಡ್ ಬರ್ತೀ ಏನವ್ವಾ?"

"ಬರ್ತೇನಿ ರಾಯರ," ಎಂದು ಒಳಗಿನಿಂದ ಅವಳ ಬಾಯಿ. "ಊಟಕ್ಕ ಕುಂತೇನಿ. ಅಲ್ಲೇ ನಿಂದರ್ರಿ."